ಬೆಳ್ಳಗೇ ಉಳಿದ ಹತ್ತಿ

ಹತ್ತಿಯಕ್ಕನಿಗೆ ಆ ಹೆಸರು ಬಂದದ್ದು ಹತ್ತಿಯಿಂದಲೇ. ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಡಿದಾದ ಮೆಟ್ಟಿಲು ಏರಿ ಹೋದರೆ ಸಿಗುವ ಪಾರ್ಲರಿನಲ್ಲಿ ಅವಳು ಫೇಶಿಯಲ್ ಮಾಡುವವಳು. ಬೆಳಿಗ್ಗೆ ಬಂದವಳೇ ಹತ್ತಿಯ ಸುರುಳಿ ಬಿಚ್ಚಿ, ಅಂಗೈಯಗಲದ ತುಂಡುಗಳನ್ನು ಕೈಯಲ್ಲೇ ಹರಿದು, ಒಂದರ ಮೇಲೊಂದು ಪೇರಿಸಿ ಗಾಜಿನ ಡಬ್ಬಿಯಲ್ಲಿ ಮುಚ್ಚಿಡುವಳು. ಕತ್ತರಿ ಮುಟ್ಟುತ್ತಿರಲಿಲ್ಲ. ಕತ್ತರಿಸಿದ ಹತ್ತಿಗೆ ಅಂಚು ಬರುತ್ತದೆ, ಅಂಚು ಕೆನ್ನೆಗೆ ಗೀರುತ್ತದೆ, ಹರಿದ ಹತ್ತಿಯಾದರೆ ಕೆನ್ನೆಯ ಮೇಲೆ ಕೂತದ್ದೇ ಗೊತ್ತಾಗುವುದಿಲ್ಲ ಎಂಬುದು ಅವಳ ವಾದ. ವಾದ ಮಾಡಲು ಯಾರಾದರೂ ಎದುರಿಗೆ ಇರಲೇಬೇಕೆಂದೇನೂ ಇರಲಿಲ್ಲ. ಕನ್ನಡಿಯೊಂದು ಇದ್ದರೆ ಸಾಕಿತ್ತು.

ಆ ಹತ್ತಿಯೆಲ್ಲ ಟೋನರಿಗಾಗಿ. ಮುಖ ತೊಳೆದ ಮಾತ್ರಕ್ಕೆ ಕೆಲಸ ಮುಗಿಯಿತು ಅಂದುಕೊಂಡ ಗಿರಾಕಿಗಳಿಗೆ ಅವಳು ಪಾತ್ರೆಯ ಲೆಕ್ಕದಲ್ಲಿ ಹೇಳುವಳು. ಪಾತ್ರೆ ಉಜ್ಜಿದರೆ ಜಿಡ್ಡು ಹೋಗುತ್ತದೆ, ಆದರೆ ಉಜ್ಜಿದ ಸೋಪು ಅಂಚಿನಲ್ಲಿ ಉಳಿಯುತ್ತದೆ ತಾನೆ? ಹಾಗೆಯೇ ಕ್ಲೆನ್ಸರ್ ಬೀದಿಯ ಧೂಳನ್ನು ತೆಗೆದರೂ ತಾನು ಮಾತ್ರ ಮೂಗಿನ ಸಂದಿಯಲ್ಲಿ, ಗದ್ದದ ಕೆಳಗೆ, ಕಿವಿಯ ಬುಡದಲ್ಲಿ ಅಡಗಿ ಕೂರುತ್ತದೆ. ಅದನ್ನು ಹೊರಗೆ ಕರೆಯುವುದು ಟೋನರಿನ ಕೆಲಸ. ಹತ್ತಿಯನ್ನು ಅದ್ದಿ, ಅರ್ಧ ಹಿಂಡಿ, ಕೆಳಗಿನಿಂದ ಮೇಲಕ್ಕೆ ನೇವರಿಸಿದರೆ ಉಳಿದದ್ದು ಬರುತ್ತದೆ, ಚರ್ಮ ತಣ್ಣಗಾಗುತ್ತದೆ, ಆ ತೇವದ ಮೇಲೆ ಹಚ್ಚಿದ ಕ್ರೀಮು ಸರಿಯಾಗಿ ಹಿಡಿಯುತ್ತದೆ. ಟೋನರ್ ಹಚ್ಚಿದರೆ ಮುಖದ ರಂಧ್ರಗಳೆಲ್ಲ ಮುಚ್ಚುತ್ತವಂತೆ ಹೌದಾ ಎಂದು ಯಾರಾದರೂ ಕೇಳಿದರೆ, ಮುಚ್ಚೋದಕ್ಕೆ ಅದೇನು ಅಂಗಡಿ ಬಾಗಿಲೇ ಎಂದು ನಕ್ಕುಬಿಡುವಳು.

ಅವಳ ಬಳಿ ಎರಡು ಬಾಟಲಿ ಇದ್ದವು. ಹಸಿರು ಬಾಟಲಿ ಎಣ್ಣೆ ಮುಖದವರಿಗೆ. ಮುಚ್ಚಳ ತೆಗೆದರೆ ಮೂಗಿಗೆ ರಪ್ಪೆಂದು ಹೊಡೆಯುವಷ್ಟು ಘಾಟು. ಬಿಳಿ ಬಾಟಲಿ ಒಣ ಮುಖದವರಿಗೆ, ಗುಲಾಬಿಯ ಮೆಲುವಾಸನೆಯದು, ಮಗುವಿನ ಕೆನ್ನೆಗೂ ಹಚ್ಚಬಹುದು ಅನ್ನುವಷ್ಟು ಸಾಧು.

ಒರೆಸಿ ಮುಗಿದ ಮೇಲೆ ಅವಳದೊಂದು ಪದ್ಧತಿ. ಬಳಸಿದ ಹತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ಗಿರಾಕಿಯ ಕಣ್ಣ ಮುಂದೆ ಎತ್ತಿ ತೋರಿಸುವಳು. "ನೋಡಿ, ಇಷ್ಟು ಉಳಿದಿತ್ತು." ಗಿರಾಕಿ ತನ್ನದೇ ಮುಖದ ಕೊಳೆ ನೋಡಿ ಅಯ್ಯೋ ಅಂದುಕೊಂಡು, ಒಳಗೊಳಗೇ ಖುಷಿಪಟ್ಟು, ಮುಂದಿನ ಸಲ ಅಕ್ಕಪಕ್ಕದವರನ್ನೂ ಕರೆತರುವಳು. ಹೀಗೆ ಹತ್ತಿ ತೋರಿಸಿ ತೋರಿಸಿಯೇ ಅವಳು ಹತ್ತಿಯಕ್ಕನಾದದ್ದು.

ಆ ಸುಖಕ್ಕೆ ಕಲ್ಲು ಹಾಕಿದವಳು ಹಿಟ್ಟಿನವಳು.

ಗಿರಾಕಿಗಳು ಹೆಚ್ಚಿ ಬೆಂಚಿನ ಮೇಲೆ ಜಾಗ ಸಾಲದಾದಾಗ ಪಾರ್ಲರಿನ ಒಡತಿ ಇನ್ನೊಬ್ಬಳನ್ನು ಕರೆತಂದಳು. ಕೆಲಸವನ್ನು ಭಾಗ ಮಾಡಿದಳು. ಮುಖ ತೊಳೆಯುವುದು, ಮಸಾಜು ಹೊಸಬಳಿಗೆ. ಟೋನರ್ ಮತ್ತು ಕ್ರೀಮು ಹತ್ತಿಯಕ್ಕನಿಗೆ. ಕೊನೆಯ ಕೈ ನಿನ್ನದೇ, ಕಣ್ಣು ಬಿಟ್ಟಾಗ ಗಿರಾಕಿ ನೋಡೋದು ನಿನ್ನ ಮುಖಾನೇ ಎಂದು ಒಡತಿ ಬೆಣ್ಣೆ ಹಚ್ಚಿದಳು. ಹತ್ತಿಯಕ್ಕ ಒಪ್ಪಿದಳು. ಹೊಸಬಳನ್ನು ನೋಡಿದ ಮೇಲಂತೂ ಸಲೀಸಾಗಿ ಒಪ್ಪಿದಳು. ಯಾಕೆಂದರೆ ಹೊಸಬಳು ಅವಳಿಗಿಂತ ಸ್ವಲ್ಪವೇ ಚಿಕ್ಕವಳು, ಮುಖದ ತುಂಬ ಹಳೆಯ ಮೊಡವೆಯ ಕುಳಿಗಳು, ಸೋಪು ಬಿಟ್ಟರೆ ಬೇರೇನನ್ನೂ ಕಂಡರಿಯದ ಚರ್ಮ. ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳಂತೆ. ಬೇಕರಿಗೆ ಮೆಷಿನ್ ಬಂದು ಕೆಲಸ ಹೋಯಿತಂತೆ. ಇವಳೇನು ಮಾಡಿಯಾಳು ಎಂದು ಹತ್ತಿಯಕ್ಕ ಮೂಗು ಮುರಿದಳು.

ಆದರೆ ಹಿಟ್ಟು ನಾದಿದ ಕೈ ಮುಖಕ್ಕೆ ಬಿದ್ದದ್ದೇ ತಡ, ಗಿರಾಕಿಗಳು ನಿದ್ದೆ ಹೋಗತೊಡಗಿದರು. ಒಬ್ಬರಲ್ಲ, ಇಬ್ಬರಲ್ಲ, ಬಂದ ಬಂದವರೆಲ್ಲ. ಜಗಳ ಆಡಿಕೊಂಡು ಬಂದವರು ಗೊರಕೆ ಹೊಡೆದರು. ಮನೆಯಲ್ಲಿ ಮಾತ್ರೆ ನುಂಗಿದರೂ ನಿದ್ದೆ ಬಾರದ ಒಬ್ಬ ಮುದುಕಿ ಬಾಯಿ ತೆರೆದುಕೊಂಡು ಮಲಗಿದಳು. ಎದ್ದವರು ಕಣ್ಣು ಬಿಟ್ಟಾಗ ಒಡತಿ ಹೇಳಿದ ಹಾಗೆ ಹತ್ತಿಯಕ್ಕನ ಮುಖವನ್ನೇ ನೋಡುತ್ತಿದ್ದರು, ನಿಜ. ನೋಡಿ ಕೇಳುತ್ತಿದ್ದರು, "ಅವರೆಲ್ಲಿ, ಮಸಾಜ್ ಮಾಡಿದ್ರಲ್ಲ ಅವರು?"

ಹೊಟ್ಟೆಯೊಳಗೆ ಕಿಡಿ ಬಿದ್ದದ್ದು ಆ ಪ್ರಶ್ನೆಯಿಂದ.

ಮಸಾಜಿನಲ್ಲಿ ಸೋತರೇನಂತೆ, ತೊಳೆಯುವುದರಲ್ಲಿ ಸಿಕ್ಕಿಬೀಳಲೇಬೇಕಲ್ಲ ಎಂದು ಹತ್ತಿಯಕ್ಕ ಹತ್ತಿಯನ್ನು ನಂಬಿ ಕಾದಳು. ಅವಳ ಕಣ್ಣಿಗೆ ಈಗ ಟೋನರ್ ಎಂದರೆ ಪರೀಕ್ಷೆ, ಹತ್ತಿ ಎಂದರೆ ಉತ್ತರಪತ್ರಿಕೆ. ಆದರೆ ಮೂಗಿನ ಸಂದಿ ಒರೆಸಿದರೆ ಹತ್ತಿ ಬೆಳ್ಳಗೆ. ಗದ್ದದ ಕೆಳಗೆ ಒರೆಸಿದರೆ ಬೆಳ್ಳಗೆ. ಕಿವಿಯ ಹಿಂದೆ, ಅದೂ ತಾನೇ ಎಷ್ಟೋ ಸಲ ಮರೆತುಬಿಡುತ್ತಿದ್ದ ಜಾಗದಲ್ಲಿ, ಬೆರಳು ತೂರಿಸಿ ಒರೆಸಿದರೂ ಬೆಳ್ಳಗೆ. ಕಿಟಕಿಯ ಬೆಳಕಿಗೆ ಹಿಡಿದು ತಿರುವಿ ಮುರುವಿ ನೋಡುವಳು. ಹಿಟ್ಟಿನವಳು ಬಟ್ಟಲು ತೊಳೆಯುತ್ತ, "ಏನಕ್ಕ, ಹತ್ತಿ ಚೆನ್ನಾಗಿಲ್ವಾ?" ಎಂದು ಮುಗ್ಧವಾಗಿ ಕೇಳುವಳು. ಆ ಮುಗ್ಧತೆ ಇನ್ನೂ ಉರಿಸುತ್ತಿತ್ತು. ತೋರಿಸಲು ಏನೂ ಇಲ್ಲದ ಹತ್ತಿಯನ್ನು ಯಾರ ಕಣ್ಣ ಮುಂದೆ ಎತ್ತಿ ಹಿಡಿಯುವುದು?

ಮನೆಯಲ್ಲಿ ಗಂಡನ ಮುಂದೆ ಹೇಳಿಕೊಂಡಳು. ಗಂಡ ಗಡಿಯಾರ ರಿಪೇರಿಯವನು. ಮಾತು ಕಡಿಮೆ. ಅಂದು ಆಗಷ್ಟೇ ಗಡ್ಡ ಕೆರೆದುಕೊಂಡು ಕೂತಿದ್ದ. ಎಲ್ಲವನ್ನೂ ಕೇಳಿ ಹೇಳಿದ, "ಹತ್ತಿ ಕೊಳೆ ಆಗ್ಲಿ ಅಂತ ಬೇಡ್ಕೊಳ್ಳೋ ಹೆಂಗಸನ್ನ ನಿನ್ನೊಬ್ಬಳನ್ನೇ ಕಣೇ ನಾನು ನೋಡಿದ್ದು. ಹೊಟ್ಟೆಕಿಚ್ಚು ಅದು."

ನನಗಾ, ಅವಳ ಮೇಲಾ, ಆ ಕುಳಿಮೋರೆಯವಳ ಮೇಲಾ ಎಂದು ಹತ್ತಿಯಕ್ಕ ಮಾತಿನ ಜೊತೆಗೆ ಕೈಚೀಲದಲ್ಲಿದ್ದ ಹಸಿರು ಬಾಟಲಿಯನ್ನೂ ತೆಗೆದಳು. ಸುಸ್ತಾಗಿದ್ದೀರಿ, ಮುಖ ಒರೆಸ್ತೀನಿ ಬನ್ನಿ ಎಂದು ಆಗಷ್ಟೇ ಕೆರೆದ ಕೆನ್ನೆಗೆ ಒತ್ತಿದಳು. ಗಂಡ ಕುರ್ಚಿಯಿಂದ ಎದ್ದು ಅಡುಗೆಮನೆಯ ನಲ್ಲಿಯವರೆಗೆ ಒಂದೇ ಹೆಜ್ಜೆಯಲ್ಲಿ ಹೋದ. ಹತ್ತಿಯನ್ನು ನೋಡಿದರೆ ಕಂದು ಬಣ್ಣಕ್ಕೆ ತಿರುಗಿತ್ತು. ಹತ್ತಿಯಕ್ಕನಿಗೆ ಎಷ್ಟೋ ಕಾಲದ ಮೇಲೆ ಸಮಾಧಾನವಾಯಿತು. ಹಸಿರು ಬಾಟಲಿಯಾದರೆ ಏನನ್ನಾದರೂ ಕಿತ್ತು ತರುತ್ತದೆ ಎಂಬ ಯೋಚನೆಯೂ ಅಲ್ಲೇ ಹುಟ್ಟಿತು.

ಎಲ್ಲ ಗಿರಾಕಿಗಳನ್ನೂ ಬಿಟ್ಟುಕೊಟ್ಟಾಳು, ಆದರೆ ಟೀಚರಮ್ಮನನ್ನು ಮಾತ್ರ ಬಿಟ್ಟುಕೊಡಲಾರಳು. ಟೀಚರಮ್ಮ ಬೀದಿಯ ಆ ತುದಿಯ ಶಾಲೆಯವರು. ಒಣ ಚರ್ಮ, ಬಿಳಿ ಬಾಟಲಿಯ ಮುಖ. ಪಾರ್ಲರ್ ತೆರೆದಾಗಿನಿಂದ ಹತ್ತಿಯಕ್ಕನ ಕೈಯಲ್ಲೇ ಬೆಳೆದ ಮುಖ ಅನ್ನಬಹುದು. ಕುರ್ಚಿಗೆ ಒರಗಿದರೆ ಸಾಕು, ಶಾಲೆಯ ಕಥೆ, ಮನೆಯ ಕಥೆ, ಸೊಸೆಯ ಕಥೆ ಒಂದರ ಹಿಂದೊಂದು ಬರುತ್ತಿತ್ತು. ಹತ್ತಿಯಕ್ಕನಿಗೆ ಆ ಸೊಸೆಯ ಮುಖ ಗೊತ್ತಿರಲಿಲ್ಲ. ಆದರೆ ಅವಳು ಟವೆಲನ್ನು ಎಲ್ಲಿ ಒಣಹಾಕುತ್ತಾಳೆ, ಯಾವ ಮಾತಿಗೆ ಬಾಗಿಲನ್ನು ಜೋರಾಗಿ ಹಾಕುತ್ತಾಳೆ ಎಂಬುದೆಲ್ಲ ಬಾಯಿಪಾಠವಾಗಿತ್ತು.

ಇನ್ನೊಂದು ಗುಟ್ಟೂ ಗೊತ್ತಿತ್ತು. ಟೀಚರಮ್ಮನ ಕೂದಲು ಕಾಡಿಗೆಯಷ್ಟು ಕಪ್ಪು. ನಮ್ಮ ಮನೆತನದಲ್ಲೇ ಯಾರಿಗೂ ಕೂದಲು ನೆರೆಯಲ್ಲ ಎಂದು ಅವರು ಹೆಮ್ಮೆಯಿಂದ ಹೇಳುವರು. ಬಹಳ ಹಿಂದೊಮ್ಮೆ ಹಣೆಯ ಮೇಲಂಚಿಗೆ ಟೋನರ್ ಹಚ್ಚಿದಾಗ ಹತ್ತಿಯ ತುದಿ ಕಪ್ಪಾಗಿಬಿಟ್ಟಿತ್ತು. ಹಿಂದಿನ ದಿನ ಮನೆಯಲ್ಲೇ ಹಾಕಿಕೊಂಡ ಡೈ. ಹತ್ತಿಯಕ್ಕ ತುಟಿ ಬಿಚ್ಚದೆ ಆ ಹತ್ತಿಯನ್ನು ಮುಷ್ಟಿಯಲ್ಲಿ ಮುದುಡಿ ಬುಟ್ಟಿಗೆ ಹಾಕಿ, ಇನ್ನೊಂದು ತೆಗೆದು ಕೆನ್ನೆ ಒರೆಸಿ, ಅದನ್ನೇ ತೋರಿಸಿದ್ದಳು. ಕನ್ನಡಿಯಲ್ಲಿ ಟೀಚರಮ್ಮ ಅವಳನ್ನು ಒಂದು ಗಳಿಗೆ ನೋಡಿದ್ದರು. ಅಂದಿನಿಂದ ಟೀಚರಮ್ಮನ ಹಣೆಯಲ್ಲಿ ಕೂದಲಂಚಿಗೆ ಒಂದು ಬೆರಳಿನಷ್ಟು ಜಾಗವನ್ನು ಅವಳು ಮುಟ್ಟದೆ ಬಿಡುವಳು.

ಈಗ ಆ ಮುಖವೂ ಹಿಟ್ಟಿನವಳ ಕೈಗೆ ಹೋಯಿತು. ಮೊದಲ ಸಲವೇ ಟೀಚರಮ್ಮ ನಿದ್ದೆ ಹೋದರು. ಅದೂ ಎಂಥ ನಿದ್ದೆ! ಸೊಸೆ ಬಾಗಿಲು ಹಾಕಿದಳೋ ಬಿಟ್ಟಳೋ ಒಂದು ಮಾತಿಲ್ಲ. ಟೋನರ್ ಹಚ್ಚಿದಾಗಲೂ ಅರೆನಿದ್ದೆಯಲ್ಲೇ ಹೂಂ ಅಂದರು. ಕ್ರೀಮು ಹಚ್ಚಿದ ಮೇಲೆ ಎದ್ದವರು, ಎಷ್ಟು ಹಗುರ ಆಯ್ತು ಎಂದು ಹೇಳಿದ್ದು ಹಿಟ್ಟಿನವಳಿಗೆ. ಇಷ್ಟು ವರ್ಷ ನನ್ನ ಕೈಯಲ್ಲಿ ಭಾರವಾಗಿತ್ತೇನು ಎಂದು ಹತ್ತಿಯಕ್ಕ ಬಾಟಲಿಯ ಮುಚ್ಚಳವನ್ನು ಮುರಿಯುವಷ್ಟು ಬಿಗಿಯಾಗಿ ತಿರುಗಿಸಿದಳು.

ಅದಾದ ಮುಂದಿನ ಭೇಟಿಯಲ್ಲಿ ನಡೆದದ್ದೇ ನಡೆಯಬಾರದ್ದು.

ಮಧ್ಯಾಹ್ನ, ಬೆಂಚಿನ ತುಂಬ ಜನ. ಅವರಲ್ಲಿ ಅದೇ ಶಾಲೆಯ ಆಫೀಸಿನ ಗುಮಾಸ್ತೆಯೂ ಇದ್ದಳು. ಇಡೀ ಶಾಲೆಯ ಸುದ್ದಿಯನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುವವಳು ಎಂದು ಟೀಚರಮ್ಮನೇ ಎಷ್ಟೋ ಸಲ ಹೇಳಿದ್ದರು. ಹಿಟ್ಟಿನವಳು ಮಸಾಜು ಮುಗಿಸಿ, ಒರೆಸಿ ಸರಿದಳು. ಟೀಚರಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಹತ್ತಿಯಕ್ಕ ಬಂದು ನಿಂತು, ಎಂದಿನಂತೆ ತಪ್ಪು ಹುಡುಕುತ್ತ ಮುಖದ ಮೇಲೆಲ್ಲ ಕಣ್ಣಾಡಿಸಿದಳು. ತಟ್ಟನೆ ಒಂದು ಕಂಡಿತು. ಕೂದಲು ಮುಖಕ್ಕೆ ಬೀಳದ ಹಾಗೆ ಕಟ್ಟುವ ಬಟ್ಟೆಯ ಪಟ್ಟಿ ಒಂದು ಬೆರಳಿನಷ್ಟು ಕೆಳಗೆ ಇಳಿದಿತ್ತು. ಹಣೆಯ ಮೇಲಂಚು ಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗಿತ್ತು. ಅಂದರೆ ಅಲ್ಲಿ ತೊಳೆದೇ ಇಲ್ಲ!

ಸಿಕ್ಕಿಬಿದ್ದಳು ಎಂದು ಹತ್ತಿಯಕ್ಕನ ಎದೆ ಕುಣಿಯಿತು. ಮೈಗಳ್ಳಿ, ಪಟ್ಟಿಯ ಕೆಳಗೆ ಕೊಳೆ ಮುಚ್ಚಿಟ್ಟು ಹೆಸರು ಮಾಡ್ತಾಳೆ. ಆ ಕುಣಿತದಲ್ಲಿ ಅವಳಿಗೆ ಬೇರೇನೂ ನೆನಪಾಗಲಿಲ್ಲ. ತಾನು ವರ್ಷಗಟ್ಟಲೆ ಬಿಟ್ಟ ಜಾಗ ಯಾವುದು ಎಂಬುದೂ ನೆನಪಾಗಲಿಲ್ಲ. ಕೈ ತಾನಾಗಿ ಬಿಳಿ ಬಾಟಲಿಯನ್ನು ದಾಟಿ ಹಸಿರಿನ ಕಡೆ ಹೋಯಿತು. ಹತ್ತಿಯನ್ನು ಚೆನ್ನಾಗಿ ನೆನೆಸಿ, ಪಟ್ಟಿಯನ್ನು ಮೇಲೆ ತಳ್ಳಿ, ಕೂದಲಿನ ಬುಡದವರೆಗೆ ಉಜ್ಜಿದಳು. ಹತ್ತಿ ಕಪ್ಪಾಯಿತು. ಇನ್ನೂ ಉಜ್ಜಿದಳು, ಇನ್ನೂ ಕಪ್ಪಾಯಿತು. ಆಹಾ ಎಂದುಕೊಂಡು ಎರಡು ಬೆರಳಲ್ಲಿ ಹಿಡಿದು, ಬೆಂಚಿನವರಿಗೂ ಕಾಣುವ ಹಾಗೆ ಎತ್ತಿದಳು.

"ನೋಡಿ ಟೀಚರಮ್ಮ, ಇಷ್ಟು ಉಳಿದಿತ್ತು."

ಟೀಚರಮ್ಮ ಕಣ್ಣು ಬಿಟ್ಟರು. ಹತ್ತಿಯನ್ನು ನೋಡಿದರು, ಹತ್ತಿಯ ಆಚೆಗೆ ಕನ್ನಡಿಯಲ್ಲಿ ಗುಮಾಸ್ತೆಯ ಕತ್ತು ಉದ್ದವಾಗುವುದನ್ನು ನೋಡಿದರು. ಹಣೆ ಹಸಿರು ಬಾಟಲಿಯ ಉರಿಗೆ ಕೆಂಪಾಗಿತ್ತು. ಉಳಿದ ಮುಖ ಬೇರೆ ಕಾರಣಕ್ಕೆ ಕೆಂಪಾಯಿತು. ಆಗ ಹತ್ತಿಯಕ್ಕನಿಗೆ ನೆನಪಾಯಿತು. ಎತ್ತಿದ ಕೈಯನ್ನು ಇಳಿಸಲೂ ಆಗದೆ ನಿಂತಳು.

ಬಟ್ಟಲು ತೊಳೆಯುತ್ತಿದ್ದ ಹಿಟ್ಟಿನವಳು ಒದ್ದೆ ಕೈಯಲ್ಲೇ ಬಂದು ಆ ಹತ್ತಿಯನ್ನು ಕಿತ್ತುಕೊಂಡಳು.

"ನಂದೇ ತಪ್ಪು ಟೀಚರಮ್ಮ. ಪಟ್ಟಿ ಕೆಳಗೆ ಒರೆಸೋದು ಮರ್ತೇಬಿಟ್ಟೆ. ಬೀದಿ ಹೊಗೆ ನೋಡಿ, ಎಲ್ಲಾ ಅಲ್ಲೇ ಕೂತಿತ್ತು."

ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ಬಿಳಿ ಬಾಟಲಿಯಿಂದ ತಂಪಾಗಿ ನೆನೆಸಿದ ಹತ್ತಿಯನ್ನು ಹಣೆಯ ಮೇಲೆ ಇಟ್ಟಳು. ಗುಮಾಸ್ತೆ, ಈ ಬೀದಿ ಹೊಗೆ ಸುಡ್ಲಿ, ನಮ್ಮನೆ ಪರದೆ ಕೂಡ ಹೀಗೇ ಕಪ್ಪಾಗುತ್ತೆ ಎಂದಳು. ಅವಳ ಕತ್ತು ಸ್ವಸ್ಥಾನಕ್ಕೆ ಮರಳಿತು. ಟೀಚರಮ್ಮ ಕ್ರೀಮು ಹಚ್ಚಿಸಿಕೊಳ್ಳದೆ ಎದ್ದು, ಸೆರಗನ್ನು ತಲೆಯ ಮೇಲೆಳೆದುಕೊಂಡು ಮೆಟ್ಟಿಲಿಳಿದು ಹೋದರು.

ಜನ ಚದುರಿದ ಮೇಲೆ ಒಡತಿ ಬಾಗಿಲು ಮುಂದೆ ಮಾಡಿ ಮಾತಾಡಿದಳು. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಸಿತು. ಒಣ ಮುಖಕ್ಕೆ ಹಸಿರು ಬಾಟಲಿ ಹಚ್ಚೋದು ನಿನ್ನೆ ಮೊನ್ನೆ ಬಂದವಳೂ ಮಾಡಲ್ಲ ಅಂದಳು. "ಟೀಚರಮ್ಮ ವಾಪಸ್ ಬಂದ್ರೆ ನಾನೇ ಕೇಳ್ತೀನಿ, ಯಾರ ಕೈ ಬೇಕು ಅಂತ. ಅವಳೊಬ್ಬಳೇ ಸಾಕು ಅಂದ್ರೆ, ಆಮೇಲೆ ಎಲ್ಲರ ಮುಖವೂ ಪೂರ್ತಿ ಅವಳಿಗೇ. ನೀನು ಕೂದಲಿನ ಕಡೆ ನೋಡ್ಕೋ."

ಹತ್ತಿಯಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತಳು. ಹಿಟ್ಟಿನವಳು ಟವೆಲುಗಳನ್ನು ಮಡಿಸುತ್ತಿದ್ದಳು. ಬೈದಿದ್ದರೆ ಬಾಯಿಗೆ ಬಾಯಿ ಕೊಟ್ಟು ಹಗುರಾಗಬಹುದಿತ್ತು. ಅವಳು ಬೈಯಲೂ ಇಲ್ಲ. ಒಳ್ಳೆಯವಳಾಗುವ ಅವಕಾಶವನ್ನೂ ಇವಳೇ ಕಿತ್ತುಕೊಂಡಳಲ್ಲ ಎಂದು ಹತ್ತಿಯಕ್ಕನಿಗೆ ಹೊಸದೊಂದು ಉರಿ ಶುರುವಾಯಿತು. ಕೊನೆಗೆ ತಡೆಯಲಾರದೆ ಕೇಳಿದಳು.

"ಕೊಳೆ ಅಂತ ಯಾಕೆ ಹೇಳ್ದೆ? ಅದು ಏನು ಅಂತ ನಿನಗೂ ಗೊತ್ತಿತ್ತು."

"ಗೊತ್ತಿತ್ತಕ್ಕ. ಅದಕ್ಕೇ ಪಟ್ಟಿ ಕೆಳಗೆ ಎಳ್ದು ಕಟ್ಟಿದ್ದು."

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಹೋದ ಸಲ ನೀವು ಹಚ್ಚೋದನ್ನ ನಿಂತು ನೋಡ್ದೆ. ಎಲ್ಲರಿಗೂ ಕೂದಲ ತನಕ ಒರೆಸೋರು, ಅವರೊಬ್ರಿಗೆ ಒಂದ್ಬೆರಳು ಬಿಟ್ರಿ. ಹತ್ತಿಯಕ್ಕ ಬಿಟ್ಟಿದ್ದಾರೆ ಅಂದ್ರೆ ಸುಮ್ನೆ ಬಿಟ್ಟಿರಲ್ಲ ಅಂದ್ಕೊಂಡೆ. ಇವತ್ತು ಪಟ್ಟಿ ಕಟ್ಟೋವಾಗ ಬೆರಳಿಗೆ ಕಪ್ಪು ಅಂಟ್ತು, ಯಾಕೆ ಅಂತ ಗೊತ್ತಾಯ್ತು."

ಇಷ್ಟು ದಿನ ತಾನು ಅವಳ ತಪ್ಪು ಹುಡುಕುತ್ತ ಬಗ್ಗಿ ನಿಂತಾಗ, ಅವಳು ಹಿಂದೆ ನಿಂತು ತನ್ನ ಕೈಯನ್ನು ನೋಡಿ ಕಲಿಯುತ್ತಿದ್ದಳು. ಕದ್ದದ್ದನ್ನು ಒಪ್ಪಿಕೊಂಡ ಕಳ್ಳಿಯನ್ನು ಬೈಯಬೇಕೋ, ತನ್ನ ಮನೆಯಲ್ಲಿ ಕದಿಯುವಂಥದ್ದು ಇತ್ತಲ್ಲ ಎಂದು ಹಿಗ್ಗಬೇಕೋ ತಿಳಿಯದೆ, ಟವೆಲಿನ ಇನ್ನೊಂದು ತುದಿ ಹಿಡಿದು ಮಡಿಸಿಕೊಟ್ಟಳು. ಹೊಟ್ಟೆ ತಣ್ಣಗಾಯಿತೇ ಎಂದರೆ, ಇಲ್ಲ. ಇವಳು ಒಂದೇ ಸಲ ನೋಡಿ ಕಲಿತದ್ದನ್ನು ನಾನು ಒಂದೇ ಗಳಿಗೆಯಲ್ಲಿ ಮರೆತೆನಲ್ಲ ಎಂದು ಇನ್ನಷ್ಟು ಕುದಿಯಿತು.

ಟೀಚರಮ್ಮ ಬರುವ ದಿನ ಬಂತು, ಅವರು ಬರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದಾಗಲೆಲ್ಲ ಹತ್ತಿಯಕ್ಕ ಬಾಗಿಲ ಕಡೆ ನೋಡುವಳು. ಹರಿಯುವ ಹತ್ತಿ ಉದ್ದಗಿಡ್ಡವಾಗುತ್ತಿತ್ತು. ಹಸಿರು ಬಾಟಲಿಯನ್ನು ಅವಳೇ ಎತ್ತಿ ಮೇಲಿನ ಶೆಲ್ಫಿನಲ್ಲಿ, ಸ್ಟೂಲು ಹಾಕಿಕೊಂಡರೆ ಮಾತ್ರ ಸಿಗುವ ಹಾಗೆ ಇಟ್ಟಿದ್ದಳು. ಒಡತಿ ಆಗಲೇ ಕೂದಲು ಕತ್ತರಿಸುವ ಕುರ್ಚಿಯ ಹತ್ತಿರ ಅವಳಿಗೆಂದು ಒಂದು ಏಪ್ರನ್ ತೂಗುಹಾಕಿದ್ದಳು. ಅದರ ಕಡೆ ನೋಡದೆ ಓಡಾಡುವುದೇ ಒಂದು ಕೆಲಸವಾಯಿತು.

ಕೊನೆಗೊಂದು ಸಂಜೆ, ಬೆಂಚು ಖಾಲಿ ಇದ್ದ ಹೊತ್ತು ನೋಡಿಕೊಂಡು ಟೀಚರಮ್ಮ ಬಂದರು. ಯಾರ ಮುಖವನ್ನೂ ನೋಡದೆ ಕುರ್ಚಿಯಲ್ಲಿ ಕೂತರು. ಒಡತಿ ಹತ್ತಿರ ಹೋಗಿ, ಇವತ್ತು ಯಾರು ಮಾಡ್ಲಿ ಎಂದು ಕೇಳಿದಳು. ಹತ್ತಿಯಕ್ಕ ಹತ್ತಿಯ ಡಬ್ಬಿಯನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಟೀಚರಮ್ಮ ಕನ್ನಡಿಯೊಳಗೆ ಆ ಡಬ್ಬಿಯನ್ನು ನೋಡಿದರು.

"ಯಾವಾಗಲೂ ಹೇಗೋ ಹಾಗೇ. ಆದ್ರೆ ನನಗೆ ಹತ್ತಿ ತೋರಿಸ್ಬೇಡಿ."

ಹಿಟ್ಟಿನವಳು ಪಟ್ಟಿಯನ್ನು ಒಂದು ಬೆರಳು ಕೆಳಗೆ ಎಳೆದು ಕಟ್ಟಿದಳು. ತೊಳೆದಳು, ನಾದಿದಳು. ಟೀಚರಮ್ಮ ಎಂದಿನ ಹಾಗೆ ನಿದ್ದೆ ಹೋದರು. ಹತ್ತಿಯಕ್ಕ ಆ ನಿದ್ದೆಯನ್ನು ನೋಡುತ್ತ ಹಲ್ಲು ಕಚ್ಚಿ ನಿಂತಳು. ಜೋಲುಬಿದ್ದ ಗದ್ದ, ಸಡಿಲವಾದ ಹುಬ್ಬು. ಇಂಥ ನಿದ್ದೆಯನ್ನು ತನ್ನ ಬೆರಳು ಯಾರಿಗೂ ಕೊಟ್ಟಿರಲಿಲ್ಲ. ಕೊಡುವುದೂ ಇಲ್ಲ. ಅದು ಗೊತ್ತಾದದ್ದು ಆ ಗಳಿಗೆಯಲ್ಲಿ, ಮತ್ತು ಗೊತ್ತಾದದ್ದು ಹಿತವಾಗೇನೂ ಇರಲಿಲ್ಲ.

ಅವಳ ಸರದಿ ಬಂತು. ಹತ್ತಿಯನ್ನು ಅದ್ದಿ, ಅರ್ಧ ಹಿಂಡಿ, ಕೆನ್ನೆಗೆ ಇಟ್ಟಳು. ತಣ್ಣಗೆ ತಾಗಿದ್ದಕ್ಕೆ ಟೀಚರಮ್ಮ ಕಣ್ಣು ಬಿಟ್ಟರು. ಹತ್ತಿಯಕ್ಕನ ಮುಖವನ್ನು ಕೆಳಗಿನಿಂದ ತಲೆಕೆಳಗಾಗಿ ನೋಡಿದರು.

"ಬಿಳಿ ಬಾಟಲಿ ತಾನೆ?"

"ಬಿಳೀದೇ ಟೀಚರಮ್ಮ."

ಇನ್ನೂ ಸ್ವಲ್ಪ ಹೊತ್ತು ನೋಡಿದರು. ಹತ್ತಿಯಕ್ಕನ ಕೈ ಗದ್ದದಿಂದ ಮೇಲಕ್ಕೆ, ಮೂಗಿನ ಪಕ್ಕದಿಂದ ಹಣೆಗೆ, ಹಣೆಯಲ್ಲಿ ಒಂದು ಬೆರಳಿನ ಜಾಗ ಬಿಟ್ಟು ಹಿಂದಕ್ಕೆ ಬಂತು. ಟೀಚರಮ್ಮ ಕಣ್ಣು ಮುಚ್ಚಿದರು. ನಿದ್ದೆಗಲ್ಲ.

"ನಮ್ಮ ಸೊಸೆ ಇದ್ದಾಳಲ್ಲ," ಎಂದರು, "ಮೊನ್ನೆ ಏನ್ ಮಾಡಿದ್ಲು ಗೊತ್ತಾ?"

ಹತ್ತಿಯಕ್ಕನ ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯಿತು. ಇನ್ನೊಂದು ತುಂಡು ಹತ್ತಿಯ ಅಗತ್ಯವೇ ಇರಲಿಲ್ಲ, ಆದರೂ ತೆಗೆದಳು. ಕಥೆ ಉದ್ದ ಇತ್ತು. ಸೊಸೆ ತವರಿಗೆ ಫೋನ್ ಮಾಡಿ ಹೇಳಿದ ಮಾತು, ಮಗ ನಡುವೆ ಸಿಕ್ಕಿ ಒದ್ದಾಡಿದ್ದು, ಬಾಗಿಲು ಮತ್ತೆ ಜೋರಾಗಿ ಮುಚ್ಚಿದ್ದು. ಹತ್ತಿಯಕ್ಕ ಅಯ್ಯೋ ಅನ್ನುವಲ್ಲಿ ಅಯ್ಯೋ ಅಂದಳು, ಹೌದಾ ಅನ್ನುವಲ್ಲಿ ಹೌದಾ ಅಂದಳು. ನಲ್ಲಿಯ ಹತ್ತಿರ ಹಿಟ್ಟಿನವಳು ನೀರನ್ನು ಸಣ್ಣಗೆ ಮಾಡಿ ಕಿವಿ ಇತ್ತ ಕೊಟ್ಟು ನಿಂತಿದ್ದಳು. ಹತ್ತಿಯಕ್ಕ ಅದನ್ನು ನೋಡಿದಳು. ನೋಡಿ ಇನ್ನಷ್ಟು ಬಗ್ಗಿ, ದನಿ ಇನ್ನಷ್ಟು ತಗ್ಗಿಸಿ ಕೇಳಿದಳು, ಆಮೇಲೆ?

ಏಪ್ರನ್ ತೂಗುಹಾಕಿದ ಮೊಳೆಯಿಂದ ಒಡತಿ ಅದನ್ನು ಸದ್ದಿಲ್ಲದೆ ತೆಗೆದು ಮಡಿಸಿದಳು.

ಟೀಚರಮ್ಮ ಹೋದ ಮೇಲೆ ಹಿಟ್ಟಿನವಳು ಕೈ ಒರೆಸಿಕೊಳ್ಳುತ್ತ ಬಂದಳು.

"ಅಕ್ಕ, ಸೊಸೆ ತವರಿಗೆ ಫೋನ್ ಮಾಡಿ ಏನಂದ್ಲಂತೆ? ನನಗೆ ಅರ್ಧ ಕೇಳಿಸ್ಲಿಲ್ಲ. ನನ್ನ ಹತ್ರ ಬಂದ್ರೆ ಒಬ್ರೂ ಒಂದ್ ಮಾತೂ ಆಡಲ್ಲ, ಎಲ್ಲ ಮಲಗಿಬಿಡ್ತಾರೆ."

"ಅದೆಲ್ಲ ನಮ್ಮಿಬ್ಬರ ಮಾತು," ಎಂದಳು ಹತ್ತಿಯಕ್ಕ.

ಹಿಟ್ಟಿನವಳ ಕುಳಿಮೋರೆಯಲ್ಲಿ ಒಂದು ಸಣ್ಣ ನೆರಳು ಹಾದುಹೋಯಿತು. ಹತ್ತಿಯಕ್ಕನಿಗೆ ಆ ನೆರಳಿನ ಗುರುತು ಚೆನ್ನಾಗಿಯೇ ಇತ್ತು. ಎಷ್ಟೋ ದಿನ ಅದು ತನ್ನ ಮುಖದ ಮೇಲೇ ಮನೆ ಮಾಡಿಕೊಂಡಿತ್ತು. ಪಾಪ ಅನ್ನಿಸಿತು, ಖುಷಿಯೂ ಆಯಿತು. ನಾಳೆ ಹೇಳಿದರಾಯಿತು, ಅದೂ ಪೂರ್ತಿ ಅಲ್ಲ, ಅರ್ಧ ಎಂದುಕೊಂಡಳು.

ದೀಪ ಆರಿಸುವ ಮುಂಚೆ ಅವಳು ಬುಟ್ಟಿಯಿಂದ ಟೀಚರಮ್ಮನ ಮುಖ ಒರೆಸಿದ ಹತ್ತಿಯನ್ನು ಎತ್ತಿಕೊಂಡಳು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಲ್ಬಿನ ಬೆಳಕಿಗೆ ಹಿಡಿದಳು. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು.

ಹಾಳಾದ್ದು, ಬೆಳ್ಳಗೇ ಇತ್ತು.